ಕೆಲಸ ಬಿಡದೆ ಹೊರಾಂಗಣ ಶಿಕ್ಷಣ ಓದಬೇಕೇ? ಕುಂತಿಬೆಟ್ಟದಿಂದ ಶುರು ಮಾಡಿ

ವರ್ಷಕ್ಕೊಮ್ಮೆ ಮಕ್ಕಳನ್ನು ಬೆಟ್ಟ ಹತ್ತಿಸಿಕೊಂಡು ಬರುವ ಮೇಷ್ಟ್ರು, ಟೀಚರ್‌ಗಳು ಮೈಸೂರು, ಮಂಡ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೀಗೆ ಬಯಲಲ್ಲಿ, ಬೆಟ್ಟದಲ್ಲಿ ಕಲಿಸುವುದಕ್ಕೆ ಹೊರಾಂಗಣ ಶಿಕ್ಷಣ ಅನ್ನುತ್ತಾರೆ. ಇದನ್ನೇ ಓದಿ ಸ್ನಾತಕೋತ್ತರ ಪದವಿ ಪಡೆಯಬಹುದು ಅಂದರೆ ಹೆಚ್ಚಿನವರು ನಂಬುವುದಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯ, ಅಮೆರಿಕದ ಅರಿಝೋನಾದಲ್ಲಿರುವ ಪ್ರೆಸ್ಕಾಟ್ ಕಾಲೇಜು ಇದನ್ನು ಕಲಿಸುತ್ತಾ ಬಂದಿವೆ. ಕೆಲಸದಲ್ಲಿ ಇರುವವರಿಗೆಂದೇ ಮಾಡಿದ ಕೋರ್ಸ್‌ಗಳೂ ಇವೆ. ಪಾಠ ಆನ್‌ಲೈನ್‌ನಲ್ಲಿ, ನಡುವೆ ಕೆಲವು ದಿನ ಅಲ್ಲೇ ಹೋಗಿ ಶಿಬಿರ, ಪ್ರಾಜೆಕ್ಟ್ ನಿಮ್ಮ ಊರಲ್ಲೇ.

ಆದರೆ ಮೊದಲ ಹೆಜ್ಜೆ ಅರ್ಜಿ ಅಲ್ಲ, ಬೆಟ್ಟ. ಪಾಂಡವಪುರದ ಹತ್ತಿರದ ಕುಂತಿಬೆಟ್ಟಕ್ಕೆ ಒಮ್ಮೆ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಇಳಿಜಾರು ಬಂಡೆಯ ಮೇಲೆ ಒಬ್ಬ ಹುಡುಗ ನಿಂತುಬಿಟ್ಟ. ಎರಡೂ ಅಂಗೈ ಕಲ್ಲಿಗೆ ಒತ್ತಿಕೊಂಡು, ಮೇಲೂ ಬಾರದೆ ಕೆಳಗೂ ಇಳಿಯದೆ. ನಾನು ಕೈ ಹಿಡಿದು ಎಳೆದುಕೊಂಡೆ. ಮೇಲೆ ಫೋಟೊ ತೆಗೆದೆವು, ಚಿತ್ರಾನ್ನ ತಿಂದೆವು, ಇಳಿದು ಬಂದೆವು. ಆ ಹುಡುಗನನ್ನು ಒಂದು ಮಾತೂ ಕೇಳಲಿಲ್ಲ. ಅವನ ಪಾಲಿಗೆ ಅವತ್ತಿನ ಪಾಠ ಇದ್ದದ್ದೇ ಆ ಬಂಡೆಯ ಮೇಲೆ, ಅಲ್ವಾ?

ಈ ಓದಿನ ತಿರುಳು ಇಲ್ಲೇ ಇದೆ. ಅನುಭವ, ಅದರ ಬಗ್ಗೆ ಯೋಚನೆ, ಅದರಿಂದ ಸಿಕ್ಕ ತಿಳಿವಳಿಕೆ, ಮತ್ತೆ ಪ್ರಯೋಗ: ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಈ ಚಕ್ರವನ್ನು ಇಂಥ ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಓದಿಸುತ್ತಾರೆ. ನಾವು ಮೊದಲನೆಯದಕ್ಕೇ ನಿಲ್ಲಿಸುತ್ತೇವೆ. ಮುಂದಿನ ಸಲ ಇಳಿಯುವ ಮೊದಲು ನೆರಳಲ್ಲಿ ಸುತ್ತಲೂ ಕೂರಿಸಿ, ಮೂರೇ ಪ್ರಶ್ನೆ ಕೇಳಿ. ಏನಾಯ್ತು? ಅದರಿಂದ ಏನು ಗೊತ್ತಾಯ್ತು? ಇನ್ಮುಂದೆ ಏನು ಮಾಡ್ತೀಯ? ಕೇಳಿದ ಮೇಲೆ ಸುಮ್ಮನಿರಿ. ಮಕ್ಕಳು ಬಾಯಿ ಬಿಡಲು ಸ್ವಲ್ಪ ಹೊತ್ತು ಬೇಕು. ಆ ಮೌನವನ್ನು ನಮ್ಮ ಮಾತಿನಿಂದ ತುಂಬದೆ ಇರುವುದೇ ಕಷ್ಟದ ಕೆಲಸ. ಬೆಳಕಿರುವಾಗಲೇ ಇಳಿಯಿರಿ, ನಮ್ಮ ಬೆಟ್ಟಗುಡ್ಡಗಳಲ್ಲಿ ಚಿರತೆ ಓಡಾಡುತ್ತವೆ. ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಎರಡನೆಯದು ಲಾಗ್‌ಬುಕ್, ಅಂದರೆ ಪ್ರತಿ ಸಲ ಹೋಗಿಬಂದದ್ದರ ದಾಖಲೆ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಜಾಗ, ಎಷ್ಟು ಜನ, ನಿಮ್ಮ ಹೊಣೆ ಏನು, ಏನು ಎಡವಟ್ಟಾಯ್ತು. ‘10.40. ಬಂಡೆ ಕಾದಿದೆ. ಇಬ್ಬರ ಬಾಟಲಿ ಖಾಲಿ. ಮುಂದೆ ಹೋಗದೆ ನೆರಳಲ್ಲಿ ಕೂತೆವು.’ ಇಂಥ ಮೂರು ಸಾಲು ನಿಮ್ಮ ತೀರ್ಮಾನ ಹೇಗಿತ್ತು ಎಂದು ಹೇಳುತ್ತದೆ. ‘ಟ್ರೆಕ್ಕಿಂಗ್ ಚೆನ್ನಾಗಿತ್ತು’ ಅನ್ನುವುದು ಏನೂ ಹೇಳುವುದಿಲ್ಲ.

ಮೂರನೆಯದು ಕೈಯಲ್ಲಿ ಒಂದು ತರಬೇತಿಯ ಪ್ರಮಾಣಪತ್ರ. ಪ್ರಥಮ ಚಿಕಿತ್ಸೆ ಎಲ್ಲಕ್ಕಿಂತ ಮುಂಚೆ. ಆಮೇಲೆ ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳನ್ನು ವಿಚಾರಿಸಿ. ಜಾಸ್ತಿ ರಜೆ ಸಿಗುವವರು 1965ರಲ್ಲಿ ಶುರುವಾದ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಗೆ ಹೋಗಬಹುದು. ಮೂಲ ಕೋರ್ಸ್‌ಗೇ ಸುಮಾರು ನಾಲ್ಕು ವಾರ ಬೇಕು. ಅದರಲ್ಲಿ ಎ ಗ್ರೇಡ್ ಬಂದರೆ ಮಾತ್ರ ಮುಂದಿನ ಕೋರ್ಸ್.

ಇಷ್ಟಾದ ಮೇಲೆ ಕೋರ್ಸ್ ಹುಡುಕಿ. ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ನೇರವಾಗಿ ಕೇಳಿ: ಶಿಬಿರ ಎಷ್ಟು ದಿನ, ಯಾವ ತಿಂಗಳು? ನಮ್ಮ ಮೂರು ವರ್ಷದ ಡಿಗ್ರಿ ಒಪ್ಪುತ್ತೀರಾ? ಪ್ರಾಜೆಕ್ಟನ್ನು ನನ್ನ ಶಾಲೆಯಲ್ಲೇ ಮಾಡಬಹುದಾ? ಕ್ಲಾಸಿನ ಹೊತ್ತನ್ನೂ ಲೆಕ್ಕ ಹಾಕಿ. ಅರಿಝೋನಾದ ಸಂಜೆ 6 ಗಂಟೆ ನಮಗೆ ಮಾರನೇ ದಿನ ಬೆಳಿಗ್ಗೆ 6.30. ಮನೆಯಲ್ಲಿ ಡಬ್ಬಿ ಕಟ್ಟುವ ಹೊತ್ತು ಅದು, ಮನೆಯವರ ಹತ್ತಿರ ಮೊದಲೇ ಮಾತಾಡಿ. ಫೀಸು ದೊಡ್ಡದು, ವಿಮಾನದ ಖರ್ಚು ಬೇರೆ. ಸರ್ಕಾರಿ ಕೆಲಸದಲ್ಲಿದ್ದರೆ ದುಡ್ಡು ಕಟ್ಟುವ ಮೊದಲು ಇಲಾಖೆಯ ಅನುಮತಿ ಪಡೆಯಿರಿ. ಆ ಪದವಿ ಬಡ್ತಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ.

ಕೊನೆಗೆ ಅರ್ಜಿ. ಯಾಕೆ ಓದಬೇಕು ಎಂಬ ಪತ್ರದಲ್ಲಿ ಹಿಮಾಲಯದ ಕನಸಿಗಿಂತ ನಿಮ್ಮ ಊರಿನ ಕೆಲಸ ಬರೆಯಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹತ್ತು ದಿನ ಬ್ಯಾಗ್ ಇಲ್ಲದ ಕಲಿಕೆ ಇರಲಿ ಎನ್ನುತ್ತದೆ. ಆ ಹತ್ತು ದಿನವನ್ನು ಕರಿಘಟ್ಟ, ಮೇಲುಕೋಟೆ, ಕುಕ್ಕರಹಳ್ಳಿ ಕೆರೆಯಲ್ಲಿ ಹೇಗೆ ಕಳೆಯುತ್ತೀರಿ ಎಂದು ಬರೆದರೆ ಅದೇ ಒಳ್ಳೆಯ ಪ್ರಾಜೆಕ್ಟ್. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಕೇಳಬೇಡಿ. ಬೆಟ್ಟದ ಮೇಲೆ ಮಕ್ಕಳ ಜೊತೆ ನಿಮ್ಮನ್ನು ಕಣ್ಣಾರೆ ನೋಡಿದವರಿಂದ ಬರೆಸಿ.