‘ಪ್ರಕಟಿಸು’ ಒತ್ತಿದರೆ 403: ಬ್ರೌಸರ್ ಸೆಟ್ಟಿಂಗ್‌ಗಳ ಜೊತೆ ನನ್ನ ಅನುಭವ

ನನ್ನ ವೆಬ್ ತಾಣಕ್ಕೆಂದು ನಾಲ್ಕು ತಾಸು ಕೂತು ಬರೆದ ಲೇಖನ ಮರುದಿನ ಬೆಳಿಗ್ಗೆ ಇರಲಿಲ್ಲ. ‘ಕರಡು ಉಳಿಸಲಾಗಿದೆ’ ಎಂಬ ಸಾಲನ್ನು ಕಣ್ಣಾರೆ ನೋಡಿಯೇ ರಾತ್ರಿ ಬ್ರೌಸರ್ ಮುಚ್ಚಿದ್ದೆ. ಬೆಳಿಗ್ಗೆ ತೆರೆದರೆ ಲಾಗಿನ್ ಪುಟ ಎದುರಾಯಿತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ, ಲೇಖನ ಬರೆಯುವ ಪುಟ, ಅಂದರೆ ಎಡಿಟರ್, ಖಾಲಿ. ಸರ್ವರ್‌ನಲ್ಲೇ ಏನೋ ತೊಂದರೆಯಾಗಿದೆ ಎಂದುಕೊಂಡು ಅರ್ಧ ದಿನ ಅಲ್ಲೇ ಹುಡುಕಿದೆ.

ಕಾರಣ ಇದ್ದದ್ದು ನನ್ನ ಬ್ರೌಸರ್‌ನಲ್ಲಿ. ಕೆಲವು ವಾರಗಳ ಹಿಂದೆ ಸುರಕ್ಷತೆಯ ಬಗ್ಗೆ ಏನನ್ನೋ ಓದಿ, ‘ಬ್ರೌಸರ್ ಮುಚ್ಚಿದಾಗ ಕುಕೀ ಮತ್ತು ತಾಣದ ಡೇಟಾ ಅಳಿಸು’ ಎಂಬ ಸೆಟ್ಟಿಂಗ್ ಆನ್ ಮಾಡಿದ್ದೆ. ಕುಕೀ ಅಂದರೆ ನಾನು ಲಾಗಿನ್ ಆಗಿದ್ದೇನೆಂದು ತಾಣಕ್ಕೆ ನೆನಪಿಸುವ ಪುಟ್ಟ ಗುರುತು; ಅದು ಹೋದರೆ ಮತ್ತೆ ಲಾಗಿನ್ ಆಗಬೇಕು, ಅಷ್ಟೇ ತಾನೇ ಎಂದುಕೊಂಡಿದ್ದೆ. ‘ತಾಣದ ಡೇಟಾ’ ಎಂಬ ಎರಡು ಪದಗಳಲ್ಲಿ ಲೋಕಲ್ ಸ್ಟೋರೇಜ್ (ತಾಣಗಳು ಬ್ರೌಸರ್‌ನೊಳಗೆ ಮಾಹಿತಿ ಇಟ್ಟುಕೊಳ್ಳುವ ಜಾಗ) ಕೂಡ ಸೇರಿದೆ ಎಂಬುದು ತಲೆಗೆ ಹೊಳೆದಿರಲಿಲ್ಲ. ನಾನು ಬಳಸುತ್ತಿದ್ದ ಎಡಿಟರ್, ‘ಉಳಿಸು’ ಗುಂಡಿ ಒತ್ತುವವರೆಗೆ ಕರಡನ್ನು ಸರ್ವರ್‌ಗೆ ಕಳಿಸದೆ ಅಲ್ಲಿಯೇ, ಅಂದರೆ ನನ್ನ ಕಂಪ್ಯೂಟರಿನೊಳಗೇ, ಇಟ್ಟುಕೊಳ್ಳುತ್ತಿತ್ತು. ಬ್ರೌಸರ್ ಮುಚ್ಚಿದ ಗಳಿಗೆಯಲ್ಲಿ ನಾನೇ ಹೇಳಿಟ್ಟಂತೆ ಎಲ್ಲವೂ ಅಳಿಸಿಹೋಯಿತು.

ಆ ಸೆಟ್ಟಿಂಗನ್ನು ನಾನು ತೆಗೆಯಲಿಲ್ಲ. ನನ್ನ ತಾಣದ ವಿಳಾಸವೊಂದನ್ನು ಮಾತ್ರ ಅದರ ವಿನಾಯಿತಿ ಪಟ್ಟಿಗೆ ಸೇರಿಸಿದೆ. ಜೊತೆಗೆ, ಮೊದಲು ಕಂಪ್ಯೂಟರಿನಲ್ಲಿ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು, ಆಮೇಲೆ ಎಡಿಟರ್‌ಗೆ ಅಂಟಿಸುವ ಅಭ್ಯಾಸ ಮಾಡಿಕೊಂಡೆ. ಸಫಾರಿ ಬಳಸುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. 2020ರಿಂದ ಆ ಬ್ರೌಸರ್‌ನಲ್ಲಿ, ಬ್ರೌಸರ್ ಬಳಸಿದ 7 ದಿನಗಳಲ್ಲಿ ಒಂದು ತಾಣವನ್ನು ಒಮ್ಮೆಯೂ ಮುಟ್ಟದೇ ಇದ್ದರೆ ಅಲ್ಲಿನ ಸ್ಕ್ರಿಪ್ಟ್‌ಗಳು (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು) ಉಳಿಸಿಟ್ಟ ಡೇಟಾ ತಾನಾಗಿ ಅಳಿಯುತ್ತದೆ. ಟ್ರ್ಯಾಕಿಂಗ್, ಅಂದರೆ ನಾವು ಎಲ್ಲೆಲ್ಲಿ ಓಡಾಡುತ್ತೇವೆಂದು ಹಿಂಬಾಲಿಸುವುದನ್ನು, ತಡೆಯಲು ತಂದ ಒಳ್ಳೆಯ ಕ್ರಮವೇ ಅದು. ಆದರೆ ಅರ್ಧ ಬರೆದು ಬಿಟ್ಟ ಕರಡಿಗೂ ಟ್ರ್ಯಾಕರ್ ಬಿಟ್ಟುಹೋದ ಗುರುತಿಗೂ ಅದು ವ್ಯತ್ಯಾಸ ಮಾಡುವುದಿಲ್ಲ.

ಎರಡನೇ ಸಲ ಕಾಡಿದ್ದು ಇದಕ್ಕಿಂತ ವಿಚಿತ್ರ. ಲಾಗಿನ್ ಆಗುತ್ತದೆ, ಬರೆಯಬಹುದು, ‘ಪ್ರಕಟಿಸು’ ಒತ್ತಿದ ಕೂಡಲೇ 403. ಅಂದರೆ ‘ನಿಮಗೆ ಅನುಮತಿಯಿಲ್ಲ’. ನನ್ನದೇ ತಾಣ, ನನ್ನದೇ ಖಾತೆ! ಮೊಬೈಲ್‌ನಿಂದ ಮಾಡಿದರೆ ಸರಾಗವಾಗಿ ಪ್ರಕಟವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಸಿಕ್ಕಸಿಕ್ಕ ಸ್ವಿಚ್‌ಗಳನ್ನೆಲ್ಲ ಆಫ್ ಮಾಡುವ ಚಾಳಿ ನನಗಿತ್ತು. ಫೈರ್‌ವಾಲ್ ಆಫ್, ಆಂಟಿವೈರಸ್ ಆಫ್, ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು, ಎಲ್ಲವೂ ಆಫ್. ಕೆಲಸವೇನೋ ಆಗಿಬಿಡುತ್ತದೆ. ಆದರೆ ತೊಂದರೆ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ, ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡುವುದೂ ಮರೆತುಹೋಗುತ್ತದೆ. ಈ ಸಲ ಬೇರೆ ದಾರಿ ಹಿಡಿದೆ. ಬ್ರೌಸರ್‌ನಲ್ಲಿ ಹೊಸ ಪ್ರೊಫೈಲ್ ತೆರೆದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳಿಲ್ಲ, ಬದಲಾಯಿಸಿದ ಸೆಟ್ಟಿಂಗ್‌ಗಳಿಲ್ಲ. ಅಲ್ಲಿ ಪ್ರಕಟವಾಯಿತು. ಅಲ್ಲಿಗೆ ತಪ್ಪು ಸರ್ವರ್‌ದಲ್ಲ, ಆಂಟಿವೈರಸ್‌ದೂ ಅಲ್ಲ, ನನ್ನ ಹಳೆಯ ಪ್ರೊಫೈಲ್‌ನದೇ ಎಂದು ಐದೇ ನಿಮಿಷದಲ್ಲಿ ಖಾತ್ರಿಯಾಯಿತು. ಆಮೇಲೆ ಹಳೆಯ ಪ್ರೊಫೈಲ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗ ತೆರೆದು, ಎರಡೂ ಕಡೆ ಬ್ರೌಸರ್ ಏನೇನು ಕಳಿಸುತ್ತಿದೆ ಎಂದು ಅಕ್ಕಪಕ್ಕ ಇಟ್ಟು ನೋಡಿದೆ. ಹೊಸದರಲ್ಲಿ ‘ರೆಫರರ್’ ಎಂಬ ಸಾಲಿತ್ತು, ಹಳೆಯದರಲ್ಲಿ ಇರಲಿಲ್ಲ.

ಯಾವ ಪುಟದಿಂದ ಬರುತ್ತಿದ್ದೇವೆ ಎಂದು ಬ್ರೌಸರ್ ಸರ್ವರ್‌ಗೆ ತಿಳಿಸುವ ಸಾಲು ಅದು. (ಇಂಗ್ಲಿಷಿನಲ್ಲಿ ನಡುವೆ ಎರಡು ‘ಆರ್’ ಇರಬೇಕಾದಲ್ಲಿ ಒಂದೇ ಬರೆದ ಕಾಗುಣಿತದ ತಪ್ಪು ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ರೀತಿಯನ್ನು ಹೇಳುವ 1996ರ ಎಚ್‌ಟಿಟಿಪಿ ನಿಯಮಾವಳಿಯಲ್ಲೇ ಸೇರಿಹೋಯಿತು. ಇವತ್ತಿಗೂ ಬ್ರೌಸರ್‌ಗಳು ಅದೇ ತಪ್ಪು ಕಾಗುಣಿತವನ್ನೇ ಕಳಿಸುತ್ತವೆ. ಹುಡುಕುವಾಗ ಇದು ನೆನಪಿರಲಿ.) ಖಾಸಗಿತನಕ್ಕೆಂದು ನಾನು ಅದನ್ನು ಪೂರ್ತಿ ನಿಲ್ಲಿಸಿದ್ದೆ. ನನ್ನ ತಾಣದ ತಂತ್ರಾಂಶವಾದರೋ ಅದೇ ಸಾಲನ್ನು ನಂಬಿ ಒಂದು ದಾಳಿಯನ್ನು ತಡೆಯುತ್ತಿತ್ತು. ನಾನು ಲಾಗಿನ್ ಆಗಿರುವ ಹೊತ್ತಿನಲ್ಲಿ ಬೇರೊಂದು ಕೆಟ್ಟ ಪುಟ ತೆರೆದರೆ, ಆ ಪುಟ ನನ್ನ ಕುಕೀಯ ಬಲದಿಂದ ನನ್ನ ಹೆಸರಿನಲ್ಲೇ ‘ಇದನ್ನು ಪ್ರಕಟಿಸು’, ‘ಅದನ್ನು ಅಳಿಸು’ ಎಂಬ ಆಜ್ಞೆ ಕಳಿಸಬಹುದು. ಹಾಗಾಗದಂತೆ, ಆಜ್ಞೆ ನಿಜಕ್ಕೂ ನನ್ನ ಎಡಿಟರ್ ಪುಟದಿಂದಲೇ ಬಂತೇ ಎಂದು ಸರ್ವರ್ ಪರೀಕ್ಷಿಸುತ್ತದೆ. ಎಲ್ಲಿಂದ ಬಂದೆ ಎಂದು ನಾನು ಹೇಳಲೇ ಇಲ್ಲ, ಅದು ಒಳಗೆ ಬಿಡಲಿಲ್ಲ. ಎರಡೂ ಕಡೆಯ ಕಾವಲು ಸರಿಯೇ ಇತ್ತು, ಒಂದಕ್ಕೊಂದು ಹೊಂದಲಿಲ್ಲ ಅಷ್ಟೇ.

ಪರಿಹಾರ ಸುಲಭವಾಗಿತ್ತು. ಅದೇ ತಾಣದೊಳಗೆ ಓಡಾಡುವಾಗ ಮಾತ್ರ ರೆಫರರ್ ಕಳಿಸು, ಹೊರಗಿನ ತಾಣಗಳಿಗೆ ಬೇಡ ಎಂದು ಬದಲಾಯಿಸಿದೆ. ಆಮೇಲೆ ತಿಳಿದದ್ದೇನೆಂದರೆ, 2020ರಲ್ಲಿ ಕ್ರೋಮ್, 2021ರಲ್ಲಿ ಫೈರ್‌ಫಾಕ್ಸ್ ತಾವಾಗಿಯೇ ಬೇರೆ ತಾಣಗಳಿಗೆ ಪೂರ್ತಿ ವಿಳಾಸದ ಬದಲು ತಾಣದ ಹೆಸರಷ್ಟನ್ನೇ ಕಳಿಸುವ ಪದ್ಧತಿಗೆ ಬಂದಿವೆ. ನನ್ನ ಅತಿ ಎಚ್ಚರಿಕೆಯಿಂದ ಹೆಚ್ಚಿಗೆ ಸಿಕ್ಕದ್ದು ತೀರಾ ಸ್ವಲ್ಪ.

ಗಡಿಯಾರದ ಪ್ರಸಂಗವನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಒಂದು ದಿನ ಯಾವ ತಾಣವೂ ತೆರೆಯದೆ, ಎಲ್ಲದಕ್ಕೂ, ತಾಣ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರ ಸರಿಯಿಲ್ಲ ಎಂಬ ಎಚ್ಚರಿಕೆ ಬಂತು. ಕಂಪ್ಯೂಟರಿನ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ, ಮದರ್‌ಬೋರ್ಡ್‌ನ ಸಿಆರ್2032 ಬಟನ್ ಸೆಲ್ ಸತ್ತಿತ್ತು. ಎಚ್‌ಟಿಟಿಪಿಎಸ್ (ಎಚ್‌ಟಿಟಿಪಿಯ ಸುರಕ್ಷಿತ ರೂಪ) ಬಳಸುವ ತಾಣದ ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಗಡಿಯಾರ ತಪ್ಪಿದರೆ ಒಳ್ಳೆಯ ಪ್ರಮಾಣಪತ್ರವೂ ‘ಇನ್ನೂ ಜಾರಿಗೆ ಬಂದಿಲ್ಲ’ ಅನಿಸುತ್ತದೆ. ಸೆಲ್ ಬದಲಿಸಿ, ಸಮಯವನ್ನು ನೆಟ್‌ನಿಂದ ತಾನೇ ಸರಿಪಡಿಸಿಕೊಳ್ಳುವಂತೆ ಇಟ್ಟೆ. ಗಡಿಯಾರ ಸರಿಯಿದ್ದೂ ಇಂಥ ಎಚ್ಚರಿಕೆ ಬಂದರೆ ‘ಆದರೂ ಮುಂದುವರಿ’ ಎಂದು ಒತ್ತಬೇಡಿ, ಮುಖ್ಯವಾಗಿ ಪಾಸ್‌ವರ್ಡ್ ಕೊಡುವ ಪುಟದಲ್ಲಿ.

ಇದೆಲ್ಲ ಬರೆಯುವವನಾಗಿ ನಾನು ಪಟ್ಟ ಪಾಡು. ನನ್ನನ್ನು ನಿಜವಾಗಿ ಬದಲಾಯಿಸಿದ್ದು ಓದುಗರೊಬ್ಬರ ಪತ್ರ. ಹಳೆಯ ಪತ್ರಿಕಾ ಜಾಹೀರಾತುಗಳ ಬಗ್ಗೆ ಸರಣಿ ಬರೆಯುತ್ತಿದ್ದೆ. ಚಿತ್ರಗಳೊಂದೂ ಕಾಣುತ್ತಿಲ್ಲ ಎಂದು ಅವರು ತಿಳಿಸಿದರು. ‘ನಿಮ್ಮ ಆ್ಯಡ್ ಬ್ಲಾಕರ್ (ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್) ಆಫ್ ಮಾಡಿ ನೋಡಿ’ ಎಂದು ಉತ್ತರಿಸಿದೆ. ಕಂಡವಂತೆ, ಧನ್ಯವಾದ ಹೇಳಿದರು. ಅವರು ಅದನ್ನು ಎಲ್ಲ ತಾಣಗಳಿಗೂ ಆಫ್ ಮಾಡಿ ಹಾಗೆಯೇ ಬಿಟ್ಟಿದ್ದರು. ಕೆಲವು ದಿನಗಳ ನಂತರ ಬೇರೆಲ್ಲೋ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂಬ ನಕಲಿ ಜಾಹೀರಾತು ತೆರೆದುಕೊಂಡು, ಹೆದರಿ ಅದು ಹೇಳಿದ ತಂತ್ರಾಂಶವನ್ನು ಹಾಕಿಕೊಂಡರು. ಅದನ್ನು ತೆಗೆಸಲು ಬಹಳ ಕಷ್ಟಪಟ್ಟರು. ಅವರು ನನ್ನನ್ನು ದೂರಲಿಲ್ಲ. ಆದರೆ ಕಾವಲು ಇಳಿಸಿ ಎಂದವನು ನಾನೇ.

ಆಮೇಲೆ ಕೂತು ನೋಡಿದರೆ ತಪ್ಪು ನನ್ನ ಫೋಲ್ಡರ್ ಹೆಸರಿನಲ್ಲಿತ್ತು. ಜಾಹೀರಾತಿನ ಚಿತ್ರಗಳೆಂದು ಅದಕ್ಕೆ ‘ಆ್ಯಡ್ಸ್’ ಎಂದೇ ಹೆಸರಿಟ್ಟಿದ್ದೆ. ಬ್ಲಾಕರ್‌ಗಳ ಪಟ್ಟಿಗಳು ವಿಳಾಸದಲ್ಲಿ ಇಂಥ ಪದಗಳನ್ನು ಹುಡುಕಿ ತಡೆಯುತ್ತವೆ. ಹೆಸರು ಬದಲಿಸಿದೆ, ಎಲ್ಲರಿಗೂ ಚಿತ್ರ ಕಂಡಿತು. ಹತ್ತು ನಿಮಿಷದ ಕೆಲಸ.

ಆ ವಾರವೇ ತಾಣವನ್ನು ಅತಿ ಬಿಗಿ ಸೆಟ್ಟಿಂಗ್‌ಗಳಲ್ಲಿ ತೆರೆದು ಓದಿದೆ. ಜಾವಾಸ್ಕ್ರಿಪ್ಟ್ ಬಂದ್, ಹೊರಗಿನ ತಾಣಗಳ ಕುಕೀ ಬಂದ್, ಬ್ಲಾಕರ್ ಆನ್. ಜಾವಾಸ್ಕ್ರಿಪ್ಟ್ ಇಲ್ಲದಿದ್ದರೆ ಲೇಖನದ ಜಾಗದಲ್ಲಿ ಬಿಳಿ ಹಾಳೆ ಮಾತ್ರ ಕಾಣುತ್ತಿತ್ತು. ಬರೀ ಅಕ್ಷರ ತೋರಿಸಲು ಸ್ಕ್ರಿಪ್ಟ್ ಯಾಕೆ ಬೇಕು? ಆ ಥೀಮ್, ಅಂದರೆ ತಾಣದ ಸಿದ್ಧ ವಿನ್ಯಾಸ, ಬಿಟ್ಟು ಸರಳವಾದದ್ದು ಹಾಕಿದೆ. ಹಳೆಯ ಲೇಖನಗಳ ಚಿತ್ರಗಳು ಇನ್ನೂ ಎಚ್‌ಟಿಟಿಪಿ ವಿಳಾಸಗಳಲ್ಲೇ ಇದ್ದವು. ತಾಣ ಎಚ್‌ಟಿಟಿಪಿಎಸ್‌ಗೆ ಬಂದಮೇಲೆ ಅವು ಬ್ರೌಸರ್‌ಗೆ ಮಿಶ್ರ ಸಾಮಗ್ರಿ, ಅಂದರೆ ಸುರಕ್ಷಿತ ಪುಟದೊಳಗೆ ಸೇರಿಕೊಂಡ ಅಸುರಕ್ಷಿತ ಭಾಗ. ಕ್ರೋಮ್ ಅಂಥ ಚಿತ್ರಗಳನ್ನು ಎಚ್‌ಟಿಟಿಪಿಎಸ್‌ನಲ್ಲೇ ಕೇಳುತ್ತದೆ, ಅಲ್ಲಿ ಸಿಗದಿದ್ದರೆ ತೋರಿಸುವುದಿಲ್ಲ. ಚಿತ್ರಗಳನ್ನು ನನ್ನ ಸರ್ವರ್‌ಗೇ ತಂದು, ಡೇಟಾಬೇಸ್‌ನಲ್ಲಿ ವಿಳಾಸಗಳನ್ನು ಒಟ್ಟಿಗೆ ಬದಲಿಸಿದೆ. ಮೊದಲು ಬ್ಯಾಕಪ್ ತೆಗೆದುಕೊಂಡೆ, ಅದು ಬೇಕಾಗಿಯೂ ಬಂತು. ಪುಟದೊಳಗೇ ಓಡುತ್ತಿದ್ದ ವಿಡಿಯೊಗಳ ಜಾಗದಲ್ಲಿ ಒಂದು ಚಿತ್ರ, ಒಂದು ಕೊಂಡಿ ಇಟ್ಟೆ.

ನನ್ನ ಕಂಪ್ಯೂಟರಿನಲ್ಲಿ ಈಗ ತಾಣ ನಡೆಸಲೆಂದೇ ಒಂದು ಪ್ರತ್ಯೇಕ ಪ್ರೊಫೈಲ್ ಇದೆ. ಅದರಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಬಿಟ್ಟು ಬೇರೆ ಎಕ್ಸ್‌ಟೆನ್ಶನ್ ಇಲ್ಲ. ‘ಎಲ್ಲ ತಾಣಗಳ ಡೇಟಾ ಓದಿ ಬದಲಾಯಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಶನ್ ಕೈಮೀರಿದರೆ, ನಾನು ಲಾಗಿನ್ ಆಗಿರುವಾಗಲೇ ನನ್ನ ಎಡಿಟರ್ ಪುಟದಲ್ಲಿ ಏನು ಬೇಕಾದರೂ ಮಾಡಬಹುದು. ಎರಡು ಹಂತದ ಲಾಗಿನ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಉಳಿದ ಓಡಾಟಕ್ಕೆಲ್ಲ ಬೇರೆ ಪ್ರೊಫೈಲ್.

ನನ್ನ ತಾಣದ ‘ಸಹಾಯ’ ಪುಟದಲ್ಲಿ ‘ಚಿತ್ರ ಕಾಣದಿದ್ದರೆ ಆ್ಯಡ್ ಬ್ಲಾಕರ್ ಆಫ್ ಮಾಡಿ’ ಎಂಬ ಸಾಲು ಬಹುಕಾಲ ಇತ್ತು. ಅದನ್ನು ತೆಗೆದು ಹೀಗೆ ಬರೆದಿದ್ದೇನೆ: ‘ಏನಾದರೂ ಕಾಣದಿದ್ದರೆ ನಿಮ್ಮ ಬ್ರೌಸರ್‌ನ ಹೆಸರು ಮತ್ತು ಆವೃತ್ತಿ ತಿಳಿಸಿ. ಸರಿಪಡಿಸುವ ಕೆಲಸ ನನ್ನದು.’