ಮನೆಯ ಡಯಾಲಿಸಿಸ್‌ನ ಎಡವಟ್ಟುಗಳಲ್ಲಿ ನಗುವನ್ನು ಉಳಿಸಿಕೊಳ್ಳುವ ಬಗೆ

ನಮ್ಮ ತಾಯಿಯವರಿಗೆ ಸಿಎಪಿಡಿ (ಹೊಟ್ಟೆಯೊಳಗೆ ದ್ರವ ತುಂಬಿ, ಕೆಲವು ಗಂಟೆಗಳ ಬಳಿಕ ಹೊರಬಿಟ್ಟು ರಕ್ತ ಶುದ್ಧಿ ಮಾಡುವ, ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್) ಆರಂಭವಾದ ಮೊದಲ ವಾರದಲ್ಲೇ, ದ್ರವ ಹೊಟ್ಟೆಯೊಳಗೆ ಇಳಿಯುತ್ತಿದ್ದಾಗ, ಚೀಲವನ್ನು ತೂಗುಹಾಕಿದ್ದ ಗೋಡೆಯ ಮೊಳೆ ಕಿತ್ತುಬಂದು, ಚೀಲವೂ ಅದೇ ಮೊಳೆಯಲ್ಲಿದ್ದ ಪಂಚಾಂಗದ ಕ್ಯಾಲೆಂಡರೂ ಒಟ್ಟಿಗೆ ನೆಲಕ್ಕೆ ಬಿದ್ದವು. ತಾಯಿ ತಕ್ಷಣ ಟ್ರಾನ್ಸ್‌ಫರ್ ಸೆಟ್ಟಿನ (ಹೊಟ್ಟೆಯಿಂದ ಹೊರಬಂದ ಕೊಳವೆಗೆ ಜೋಡಿಸಿರುವ ಚಿಕ್ಕ ಕೊಳವೆಯ) ಕ್ಲಾಂಪ್ ಮುಚ್ಚಿದರು. ನಾನು ಆಸ್ಪತ್ರೆಯ ಡಯಾಲಿಸಿಸ್ ನರ್ಸ್‌ಗೆ ಫೋನ್ ಮಾಡಿ, ಅವರು ಹೇಳಿದಂತೆ ಆ ಚೀಲವನ್ನು ಬಿಟ್ಟು ಹೊಸದನ್ನು ಬೆಚ್ಚಗಾಗಲು ಇಟ್ಟೆ. ಎಲ್ಲವೂ ಮುಗಿದ ಮೇಲೆ ತಾಯಿ, "ರಾಹುಕಾಲ ಎಷ್ಟು ಹೊತ್ತಿಗೆ ಅಂತ ಹೇಳೋಕೆ ಕ್ಯಾಲೆಂಡರೇ ಎದ್ದುಬಂತಲ್ಲ" ಎಂದರು. ಆಪರೇಷನ್ ಆಗಿ ಹೊಟ್ಟೆಗೆ ಆ ಕೊಳವೆ, ಅಂದರೆ ಕ್ಯಾಥೆಟರ್, ಹಾಕಿಸಿಕೊಂಡು ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ದಿನಕ್ಕೆ ಮೂರು ಬಾರಿ ಎಕ್ಸ್‌ಚೇಂಜ್ ಮಾಡುವವರ ಮನೆಯಲ್ಲಿ ತಿಂಗಳಿಗೆ ಸುಮಾರು 90 ಚೀಲಗಳು, ಚೀಲಕ್ಕೆ 2 ಲೀಟರಿನಂತೆ 180 ಲೀಟರ್ ದ್ರವ, ಕೈಗಳ ನಡುವೆ ಹಾದುಹೋಗುತ್ತದೆ. ಎಕ್ಸ್‌ಚೇಂಜ್ ಎಂದರೆ ಹಳೆಯ ದ್ರವವನ್ನು ಹೊರಬಿಟ್ಟು ಹೊಸದನ್ನು ತುಂಬಿಕೊಳ್ಳುವುದು; ಅದಕ್ಕೆ ಪ್ರತಿ ಸಲವೂ ಅರ್ಧ ಗಂಟೆಗೂ ಮೇಲೆ ಬೇಕು. ಇಷ್ಟು ಸಲ ಮಾಡುವ ಕೆಲಸದಲ್ಲಿ ಎಲ್ಲೋ ಒಂದು ಕಡೆ ಕೈತಪ್ಪುವುದು ಸಹಜ. ತಪ್ಪಿದ್ದನ್ನು ಮುಚ್ಚಿಟ್ಟರೆ ಮಾತ್ರ ಅದು ಅಪಾಯಕ್ಕೆ ತಿರುಗುತ್ತದೆ. ಕೊಳವೆಯ ತುದಿ ಸೀರೆಯ ಸೆರಗಿಗೆ ತಗುಲಿತೆಂದು ಹೇಳಿದರೆ ಮಗ ರೇಗುತ್ತಾನೆ ಎಂಬ ಅಂಜಿಕೆಯಿರುವ ಮನೆಯಲ್ಲಿ ತಾಯಿ ಸುಮ್ಮನಿದ್ದುಬಿಡುತ್ತಾರೆ. ಹೇಳಿದರೆ ಸರಿಪಡಿಸಿ, ಆಮೇಲೆ ಕೂಡಿ ನಗುತ್ತಾರೆ ಎಂದು ಗೊತ್ತಿರುವ ಮನೆಯಲ್ಲಿ ಆ ಮಾತು ಐದು ನಿಮಿಷದಲ್ಲಿ ಹೊರಬರುತ್ತದೆ. ಮನೆಯಲ್ಲಿ ನಗುವಿಗೆ ಜಾಗವಿರಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ: ಮೊದಲು ಕ್ಲಾಂಪ್, ಆಮೇಲೆ ಫೋನ್, ಕೊನೆಗೆ ನಗು. ತೆರೆದ ತುದಿ ಯಾವುದಕ್ಕಾದರೂ ತಗುಲಿದರೆ ಕ್ಲಾಂಪ್ ಮುಚ್ಚಿ, ಹೊಸ ಕ್ಯಾಪ್ ಹಾಕಿ, ಎಕ್ಸ್‌ಚೇಂಜ್ ಮುಂದುವರಿಸದೆ ಡಯಾಲಿಸಿಸ್ ವಿಭಾಗಕ್ಕೆ ತಿಳಿಸಬೇಕು. ದ್ರವ ಇನ್ನೂ ಒಳಗೆ ಹೋಗಿಲ್ಲವಾದರೆ ಟ್ರಾನ್ಸ್‌ಫರ್ ಸೆಟ್ ಬದಲಿಸುವುದರಲ್ಲೇ ಮುಗಿಯಬಹುದು. ಹೋಗಿಬಿಟ್ಟಿದ್ದರೆ ಮುಂಜಾಗ್ರತೆಗಾಗಿ ಆ್ಯಂಟಿಬಯೋಟಿಕ್ ಬೇಕಾಗಬಹುದು. ಅದನ್ನು ನಿರ್ಧರಿಸುವುದು ವೈದ್ಯರ ಕೆಲಸ. ಚೀಲ ಸೋರಿದರೂ ಇದೇ ಕ್ರಮ. ನೆಲದ ಮೇಲೆ ಚೆಲ್ಲಿದ ದ್ರವದಲ್ಲಿ ಸಕ್ಕರೆಯ ಅಂಶವಿರುವುದರಿಂದ ಅದು ಅಂಟಂಟಾಗಿ ಜಾರುತ್ತದೆ, ಆದ್ದರಿಂದ ಒರೆಸುವವರೆಗೂ ಯಾರೂ ಓಡಾಡಬಾರದು.

ಚೀಲವನ್ನು ಜೋಡಿಸುವ ಮತ್ತು ಬಿಡಿಸುವ ಕೆಲವು ನಿಮಿಷಗಳಲ್ಲಿ ನಗುವೂ ಬೇಡ, ಮಾತೂ ಬೇಡ. ಬಾಯಿಯಿಂದ ಸಿಡಿಯುವ ಹನಿಗಳು ತೆರೆದ ತುದಿಗೆ ತಲುಪಬಾರದೆಂದೇ ಮಾಸ್ಕ್ ಹಾಕುತ್ತೇವೆ, ಧೂಳು ಏಳಬಾರದೆಂದೇ ಫ್ಯಾನ್ ಆರಿಸಿ ಕಿಟಕಿ ಮುಚ್ಚುತ್ತೇವೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೀಗೆ ಬಾಗಿಲು ಹಾಕಿಕೊಂಡು ಮೌನವಾಗಿ ಬೆವರುತ್ತಿದ್ದಾಗ, ಹಪ್ಪಳ ಕೊಡಲು ಬಂದ ಪಕ್ಕದ ಮನೆಯವರು ಎರಡು ಸಲ ಕರೆದು, ಉತ್ತರ ಬಾರದೆ, ಮನೆಯಲ್ಲಿ ಜಗಳವಾಗಿದೆಯೆಂದು ತಿಳಿದು, ಸಂಜೆ ರಾಜಿ ಮಾಡಿಸಲು ಗಂಡನನ್ನೂ ಕರೆದುಕೊಂಡು ಬಂದರು. ಈಗ ಆ ಹೊತ್ತಿಗೆ ಬಾಗಿಲಿನ ಚಿಲಕಕ್ಕೆ ಕೆಂಪು ರಿಬ್ಬನ್ ಕಟ್ಟುತ್ತೇವೆ. ಅದನ್ನು ಕಂಡವರು ಅರ್ಧ ಗಂಟೆ ಬಿಟ್ಟು ಬರುತ್ತಾರೆ. ನಿಮ್ಮ ಮನೆಗೂ ಇಂಥದೊಂದು ಗುರುತು ಇಟ್ಟುಕೊಳ್ಳಿ.

ನಮ್ಮ ಮನೆಯವರು ಇಂದಿಗೂ ನೆನೆದು ನಗುವುದು ದಸರೆಯ ಪ್ರಸಂಗವನ್ನು. ನಮ್ಮದು ಮೈಸೂರು, ಗೊಂಬೆ ಕೂರಿಸುವುದನ್ನು ಕಾಯಿಲೆಯ ನೆಪದಲ್ಲಿ ಬಿಡಲು ತಾಯಿ ಒಪ್ಪಲಿಲ್ಲ. ನಡುಮನೆಯ ತುಂಬ ಚೀಲಗಳ ರಟ್ಟಿನ ಪೆಟ್ಟಿಗೆಗಳೇ ಇದ್ದುದರಿಂದ ಅವುಗಳನ್ನೇ ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿದೆವು. ನೋಡಲು ಬಂದವರೆಲ್ಲ ಮೆಟ್ಟಿಲು ಎಷ್ಟು ಗಟ್ಟಿಯಾಗಿದೆ ಎಂದು ಮೆಚ್ಚಿದರು. ನಾಲ್ಕನೆಯ ದಿನ ತಾಯಿಯವರ ಕಾಲು ಸ್ವಲ್ಪ ಊದಿಕೊಂಡು, ವೈದ್ಯರು 1.5 ಶೇಕಡಾ ಸಕ್ಕರೆ ಅಂಶದ ಚೀಲದ ಬದಲು ಒಂದು ಹೊತ್ತಿಗೆ, ಮೈಯ ನೀರನ್ನು ಹೆಚ್ಚು ಎಳೆಯುವ 2.5 ಶೇಕಡಾ ಚೀಲ ಹಾಕಲು ಹೇಳಿದರು. ಆ ಚೀಲಗಳಿದ್ದ ಪೆಟ್ಟಿಗೆ ಕೆಳಗಿನ ಸಾಲಿನಲ್ಲಿ, ಅಕ್ಕಿ ಬೇಳೆ ಹರಡಿಕೊಂಡು ಕುಳಿತಿದ್ದ ಶೆಟ್ಟಿ ದಂಪತಿಯ ಅಡಿಯಲ್ಲೇ ಇತ್ತು. ಮದುವೆಯ ದಿಬ್ಬಣ, ಓಲಗದವರು, ಆನೆ ಅಂಬಾರಿ ಎಲ್ಲವನ್ನೂ ಇಳಿಸಿ, ಪೆಟ್ಟಿಗೆ ತೆರೆದು, ಮತ್ತೆ ಜೋಡಿಸುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. "ಈ ಸಲ ಶೆಟ್ಟಿ ಬೇಳೆ ವ್ಯಾಪಾರ ಬಿಟ್ಟು ಬ್ಯಾಗಿನ ಅಂಗಡಿ ಇಟ್ಟಿದ್ದಾನೆ" ಎಂದು ತಾಯಿ ಹೇಳಿದಾಗ ಮೊಮ್ಮಕ್ಕಳು ಅಂಗಡಿಗೆ ಒಂದು ಬೋರ್ಡನ್ನೂ ಬರೆದಿಟ್ಟರು. ಮರುವರ್ಷದಿಂದ ಎಲ್ಲ ಶೇಕಡಾವಾರಿನ ಚೀಲಗಳನ್ನೂ ಹತ್ತು ದಿನಕ್ಕೆ ಆಗುವಷ್ಟು ಹೊರಗೆ ತೆಗೆದಿಟ್ಟು, ಅವಧಿ ಬೇಗ ಮುಗಿಯುವ ಪೆಟ್ಟಿಗೆಗಳನ್ನು ಮುಂದಿರಿಸಿ, ದೀಪವನ್ನು ರಟ್ಟಿನಿಂದ ದೂರದಲ್ಲಿಟ್ಟು ಗೊಂಬೆ ಕೂರಿಸುತ್ತಿದ್ದೇವೆ.

ರಾತ್ರಿ ಮಲಗಿದ್ದಾಗ ತಾನೇ ಎಕ್ಸ್‌ಚೇಂಜ್ ಮಾಡುವ ಸೈಕ್ಲರ್ ಯಂತ್ರ ಬಳಸುವವರಿಗೆ ಅಲಾರಂನ ಕಾಟ ಗೊತ್ತೇ ಇರುತ್ತದೆ. ಕೆಲವು ತಿಂಗಳು ನಾವೂ ಅದನ್ನು ಬಳಸಿದೆವು. ದ್ರವ ಹೊರಬರುತ್ತಿಲ್ಲವೆಂದು ಯಂತ್ರ ಕೂಗಿದಾಗ ಕೊಳವೆ ಮೈಯಡಿ ಸಿಕ್ಕಿಕೊಂಡಿದೆಯೇ, ಮಡಚಿಕೊಂಡಿದೆಯೇ ಎಂದು ನೋಡಬೇಕು. ಎರಡೂ ಇಲ್ಲದಿದ್ದರೆ ಮಲಬದ್ಧತೆಯೂ ಕಾರಣವಾಗಿರಬಹುದು, ಏಕೆಂದರೆ ತುಂಬಿದ ಕರುಳು ಕ್ಯಾಥೆಟರನ್ನು ಒತ್ತುತ್ತದೆ. ರಾತ್ರಿ ಎರಡು ಗಂಟೆಗೆ ಇಡೀ ಮನೆ ಹಿರಿಯರೊಬ್ಬರ ಹೊಟ್ಟೆಯ ವಿಚಾರ ಚರ್ಚಿಸುವುದು ನಗು ತರಿಸುವಂಥದ್ದೇ. ಆದರೆ ಇಲ್ಲಿ ಮೊದಲ ನಗು ರೋಗಿಯದಾಗಿರಬೇಕು. ನಮ್ಮ ತಂದೆ ಈ ಸಂಗತಿಯನ್ನು ಒಮ್ಮೆ ನೆಂಟರ ಮುಂದೆ ಹೇಳಿದಾಗ ತಾಯಿ ಎದ್ದು ಒಳಗೆ ಹೋದರು. ಅಂದಿನಿಂದ ಯಾವುದನ್ನು ಹೊರಗೆ ಹೇಳಬಹುದು, ಯಾವುದು ಮನೆಯೊಳಗೇ ಉಳಿಯಬೇಕು ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಅವರು ನಗದ ದಿನ ನಾವು ನಗಿಸಲು ಹೋಗುವುದಿಲ್ಲ; ಪಕ್ಕದಲ್ಲಿ ಕುಳಿತಿರುತ್ತೇವೆ.

ಕೆಲವನ್ನು ನಗೆಯ ಲೆಕ್ಕಕ್ಕೆ ಸೇರಿಸಲೇಬಾರದು. ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ ಅದು ಪೆರಿಟೋನೈಟಿಸ್, ಅಂದರೆ ಹೊಟ್ಟೆಯೊಳಗಿನ ಪೊರೆಯ ಸೋಂಕು, ಇರಬಹುದು. ಆ ಚೀಲವನ್ನು ಚೆಲ್ಲದೆ ಕೈಯಲ್ಲಿ ಹಿಡಿದುಕೊಂಡು, ಬೆಳಗಾಗಲಿ ಎಂದು ಕಾಯದೆ, ಆಸ್ಪತ್ರೆಗೆ ಹೊರಡಬೇಕು. ಉಸಿರಾಟ ಕಷ್ಟವಾದಾಗಲೂ ಹಾಗೆಯೇ.

ಕೊನೆಯದಾಗಿ ಪುಸ್ತಕದ ವಿಚಾರ. ಒಳಹೋದದ್ದು, ಹೊರಬಂದದ್ದು, ತೂಕ, ರಕ್ತದೊತ್ತಡ ಬರೆಯುವ ದಿನಚರಿಯಲ್ಲಿ ನಾವು "ವಿಶೇಷ" ಎಂಬ ಇನ್ನೊಂದು ಕಾಲಂ ಎಳೆದು, ಅಂದಿನ ಎಡವಟ್ಟನ್ನು ತಾಯಿಯವರ ಮಾತಿನಲ್ಲೇ ಬರೆಯುತ್ತೇವೆ. ಮೂರು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ, ಎಡವಟ್ಟುಗಳಲ್ಲಿ ಹೆಚ್ಚಿನವು ರಾತ್ರಿ ಹತ್ತರ ಎಕ್ಸ್‌ಚೇಂಜ್‌ನಲ್ಲಿ, ನಿದ್ದೆಗಣ್ಣಿನಲ್ಲಿ ಆಗಿರುವುದು ತಿಳಿಯಿತು. ನರ್ಸ್‌ನೊಂದಿಗೆ ಮಾತಾಡಿ ಅದನ್ನು ಎಂಟೂವರೆಗೆ, ಊಟಕ್ಕೆ ಮೊದಲು, ಬದಲಿಸಿಕೊಂಡೆವು. ತಿಂಗಳ ಭೇಟಿಯಲ್ಲಿ ಆ ನರ್ಸ್ ಈಗ ಮೊದಲು ತಿರುಗಿಸುವುದು "ವಿಶೇಷ"ದ ಕಾಲಂಗೆ. ಅದನ್ನು ಗಟ್ಟಿಯಾಗಿ ಓದಿ ಹೇಳುವವರು ತಾಯಿ.