ಅಲ್ಪಾಕಾ ಮರಿ ಹಾಕುವುದನ್ನು ಲೈವ್‌ನಲ್ಲಿ ನೋಡುವುದು ಹೇಗೆ?

ಅಲ್ಪಾಕಾ ಒಂಟೆಯ ಬಳಗಕ್ಕೆ ಸೇರಿದ ಪ್ರಾಣಿ. ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳ ಚಳಿಯಲ್ಲಿ ಉಣ್ಣೆಗಾಗಿ ಸಾಕುತ್ತಾರೆ. ನಮ್ಮ ಮಂಗಳೂರು, ಉಡುಪಿಯ ಸೆಕೆ ಅದಕ್ಕೆ ಹಿಡಿಸುವುದಿಲ್ಲ. ಆದರೆ ಅಮೆರಿಕ, ಬ್ರಿಟನ್‌ನ ಕೆಲವು ಫಾರ್ಮ್‌ನವರು ಹಟ್ಟಿಯಲ್ಲಿ ಕ್ಯಾಮೆರಾ ಇಟ್ಟು ಯೂಟ್ಯೂಬ್‌ನಲ್ಲಿ ಲೈವ್ ಬಿಡುತ್ತಾರೆ. ಸುಮ್ನೆ ಹಾಕಿ ಕೂತರೆ ಐದು ನಿಮಿಷಕ್ಕೆ ಬೇಜಾರು ಬರುತ್ತದೆ. ಯಾವಾಗ ನೋಡಬೇಕು, ಏನನ್ನು ಗಮನಿಸಬೇಕು ಎಂದು ಗೊತ್ತಿದ್ದರೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ.

ಮೊದಲು ‘ಅಲ್ಪಾಕಾ ಲೈವ್ ಕ್ಯಾಮ್’ ಎಂದು ಹುಡುಕಿ. ಹಳೆಯ ರೆಕಾರ್ಡಿಂಗ್‌ಗಳೂ ಸಿಗುತ್ತವೆ. ಹಾಗಾಗಿ ‘ಲೈವ್’ ಎಂಬ ಕೆಂಪು ಗುರುತು ಇದೆಯಾ ನೋಡಿಕೊಳ್ಳಿ. ಮೊಬೈಲ್ ಡೇಟಾದಲ್ಲಿ ನೋಡುವುದಾದರೆ ಗುಣಮಟ್ಟವನ್ನು 480ಕ್ಕೆ ಇಳಿಸಿ. ಗಬ್ಬದ ಪ್ರಾಣಿ ಯಾವುದು, ದಿನ ಎಷ್ಟಾಯಿತು ಎಂಬುದನ್ನು ವಿಡಿಯೊದ ಕೆಳಗೆ ಹಲವರು ಬರೆದಿರುತ್ತಾರೆ. ಅಲ್ಪಾಕಾ ಗಬ್ಬ ಹೊರುವುದು ಸುಮಾರು ಹನ್ನೊಂದೂವರೆ ತಿಂಗಳು. ಹೇಳಿದ ದಿನಕ್ಕೇ ಹಾಕಬೇಕೆಂದೇನಿಲ್ಲ, ವಾರಗಟ್ಟಲೆ ಹಿಂದೆಮುಂದೆ ಆಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ಇದೇ ಮುಖ್ಯ. ಅಲ್ಪಾಕಾಗಳು ಮರಿ ಹಾಕುವುದು ಹೆಚ್ಚಾಗಿ ಹಗಲಲ್ಲಿ, ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ. ಬೆಟ್ಟದ ರಾತ್ರಿ ಕೊರೆಯುವ ಚಳಿ. ಅದಕ್ಕೆ ಮುಂಚೆ ಮರಿಯ ಮೈ ಒಣಗಬೇಕಲ್ವಾ? ಬೇಸಿಗೆ ಕಾಲದಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿನ ಬೆಳಗ್ಗೆ 8ರಿಂದ ಮಧ್ಯಾಹ್ನ 2 ಎಂದರೆ ನಮಗೆ ಸಂಜೆ 5.30ರಿಂದ ರಾತ್ರಿ 11.30. ಬ್ರಿಟನ್ ಆದರೆ ಮಧ್ಯಾಹ್ನ 12.30ರಿಂದ ಸಂಜೆ 6.30. ಅಲ್ಲಿನ ಬೇಸಿಗೆ ನಮಗೆ ಮಳೆಗಾಲ. ಆಟಿಯ ಮಳೆಗೆ ಮನೆಯಲ್ಲೇ ಕೂತವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಡ.

ಈಗ ಲಕ್ಷಣ ನೋಡಿ. ಹೊತ್ತು ಹತ್ತಿರ ಬಂದದ್ದು ಹಿಂಡಿನಿಂದ ದೂರ ನಿಲ್ಲುತ್ತದೆ. ಕೂರುತ್ತದೆ, ಏಳುತ್ತದೆ. ಅಲ್ಪಾಕಾಗಳು ಎಲ್ಲವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಗಬ್ಬದ್ದು ಆ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಏನೂ ಹಾಕದೆ ವಾಪಸ್ ಬಂದರೆ ಫೋನ್ ಕೆಳಗಿಡಬೇಡಿ. ಹಾಗೆಂದು ಒಂದು ಪಕ್ಕಕ್ಕೆ ಮಲಗಿ ಕಾಲು ಚಾಚಿದ ಕೂಡಲೇ ಗಾಬರಿಯೂ ಬೇಡ. ಅದು ಬಿಸಿಲು ಕಾಯಿಸಿಕೊಳ್ಳುವ ರೀತಿ.

ಹೆರಿಗೆಯಲ್ಲಿ ಮೊದಲು ಕಾಣುವುದು ಮೂತಿ ಮತ್ತು ಮುಂಗಾಲು. ತಾಯಿ ಹೆಚ್ಚಾಗಿ ನಿಂತೇ ಇರುತ್ತದೆ. ಮರಿ ಅರ್ಧ ಹೊರಗೆ ತಲೆಕೆಳಗಾಗಿ ನೇತಾಡುತ್ತದೆ. ನೋಡಲು ಹೆದರಿಕೆಯಾದರೂ ಇದರಿಂದ ಒಳ್ಳೆಯದೇ, ಮೂಗು ಬಾಯಿಯ ನೀರೆಲ್ಲ ಇಳಿದುಹೋಗುತ್ತದೆ.

ದನ ಸಾಕಿದ ಮನೆಯವರು ಗಲಿಬಿಲಿಗೊಳ್ಳುವುದು ಇದರ ನಂತರ. ಕರು ಬಿದ್ದ ತಕ್ಷಣ ದನ ನೆಕ್ಕಲು ಶುರು ಮಾಡುತ್ತದೆ. ಅಲ್ಪಾಕಾ ನೆಕ್ಕುವುದೇ ಇಲ್ಲ. ಅದರ ನಾಲಿಗೆ ಅಷ್ಟು ಹೊರಗೆ ಚಾಚುವುದಿಲ್ಲ. ತಾಯಿಗೆ ಮರಿ ಬೇಡವಾಯಿತೇನೋ ಎಂದು ಸಂಕಟಪಡಬೇಡಿ. ಸೌಂಡ್ ಜಾಸ್ತಿ ಮಾಡಿ, ಕಿವಿಗೊಟ್ಟು ಕೇಳಿ. ತಾಯಿ ಬಗ್ಗಿ, ಮರಿಗೆ ಮೂಗು ತಾಗಿಸಿ, ‘ಹ್ಮ್ ಹ್ಮ್’ ಎಂದು ಸಣ್ಣಗೆ ಗುನುಗುತ್ತಿರುತ್ತದೆ. ಮರಿಯೂ ಗುನುಗುತ್ತದೆ. ಹಿಂಡಿನ ಉಳಿದವು ಒಂದೊಂದಾಗಿ ಬಂದು ಮೂಸಿ ಹೋಗುತ್ತವೆ. ಇಡೀ ಲೈವ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮರಿಯ ಮೈಗೆ ಅಂಟಿದ ತೆಳುವಾದ ಪೊರೆ ಒಣಗಿ ತಾನಾಗಿ ಉದುರುತ್ತದೆ.

ಆರೇಳು ಕೆಜಿಯ ಮರಿ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲಬೇಕು. ಬೀಳುತ್ತದೆ, ಏಳುತ್ತದೆ, ಕೆಚ್ಚಲು ಬಿಟ್ಟು ತಾಯಿಯ ಮುಂಗಾಲ ಹತ್ತಿರ ಹುಡುಕುತ್ತದೆ. ಗಿಣ್ಣು ಹಾಲು ಮೊದಲ ದಿನವೇ ಹೊಟ್ಟೆಗೆ ಬೀಳಬೇಕು, ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ. ಮಾಸು ಬೀಳುವುದನ್ನು ಫಾರ್ಮ್‌ನವರು ಕಾಯುತ್ತಿರುತ್ತಾರೆ. ಚಾಟ್‌ನಲ್ಲಿ ಅವರಿಗೆ ಸಲಹೆ ಕೊಡಲು ಹೋಗಬೇಡಿ. ಮಕ್ಕಳ ಜೊತೆ ನೋಡುವುದಾದರೆ, ಒಮ್ಮೊಮ್ಮೆ ಮರಿ ಉಳಿಯುವುದಿಲ್ಲ ಎಂದು ಮೊದಲೇ ಹೇಳಿಡಿ.

ಕೆಲವು ದಿನ ಬಿಟ್ಟು ಮತ್ತೆ ನೋಡಿ. ಅಲ್ಲಿ ಕತ್ತಲಾಗುವ ಮುಂಚೆ ಮರಿಗಳೆಲ್ಲ ಸೇರಿ ನಾಲ್ಕೂ ಕಾಲೆತ್ತಿ ಜಿಗಿಯುತ್ತ ಓಡುತ್ತವೆ. ಅಮೆರಿಕದ ಫಾರ್ಮ್ ಆದರೆ ಬೆಳಗ್ಗೆ ಐದಕ್ಕೆ ಅಲಾರಂ ಇಡಿ.